ಕಲಾಂ ಸರ್ ಹೊರಡುತ್ತಿದ್ದಾರೆ. ಈ ಐದು ವರ್ಷ ನಿಮಗೆ ಹೇಗನಿಸಿತು?

ದಾವಣಗೆರೆ ಹುಡುಗಿ | ಜುಲೈ 22, 2007

ಎಲ್ಲರಿಗೂ ನಮಸ್ಕಾರ. ನಿನ್ನೆ ಫಲಿತಾಂಶ ಬಂತು, ಪ್ರತಿಭಾ ಪಾಟೀಲ್ ಗೆದ್ದರು. ಇನ್ನು ಮೂರು ದಿನ ಅಷ್ಟೇ. 25ನೇ ತಾರೀಕು ಅಬ್ದುಲ್ ಕಲಾಂ ಸರ್ ರಾಷ್ಟ್ರಪತಿ ಭವನ ಬಿಡುತ್ತಾರೆ. ಎರಡೇ ಸೂಟ್‌ಕೇಸ್ ಹಿಡ್ಕೊಂಡು ಹೋಗ್ತಾರಂತೆ ಅಂತ ಟಿವಿಯಲ್ಲಿ ಹೇಳಿದಾಗ ನನಗೆ ಗಂಟಲು ಕಟ್ಟಿಬಂತು. ಅವರು ಅಧಿಕಾರಕ್ಕೆ ಬಂದಾಗ ನಾನು ಎಂಟನೇ ಕ್ಲಾಸು. ಪೇಪರಿನಲ್ಲಿ ಬಂದ ಅವರ ಫೋಟೋ ಕತ್ತರಿಸಿ ವಿಜ್ಞಾನದ ನೋಟ್‌ಬುಕ್ಕಿನ ಬೈಂಡಿಗೆ ಅನ್ನದ ಅಗುಳಿನಿಂದ ಅಂಟಿಸಿದ್ದೆ. ಈಗ ಸಿಇಟಿ ಕೌನ್ಸೆಲಿಂಗ್‌ಗೆ ಕಾಯುತ್ತಿದ್ದೇನೆ. ಆ ನೋಟ್‌ಬುಕ್ ಇನ್ನೂ ಇದೆ.

ಅಪ್ಪ ಪಕ್ಕದಲ್ಲೇ ಊಟಕ್ಕೆ ಕೂತಿದ್ದರು. "ಅಲ್ಲಮ್ಮಾ, ಮಕ್ಕಳಿಗೆ ಕನಸು ಕಾಣಿ ಅಂತ ಹೇಳಿದ್ದು ಬಿಟ್ರೆ ಅವರು ಮಾಡಿದ್ದೇನು?" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅಪ್ಪ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾರೆ, ಏನನ್ನೇ ಆಗಲಿ ಜಮಾ ಇಷ್ಟು ಖರ್ಚು ಇಷ್ಟು ಅಂತಲೇ ನೋಡೋದು. ನಾನು ಅಗ್ನಿ ಕ್ಷಿಪಣಿ ಅಂದೆ, ಪೋಖ್ರಾನ್ ಅಂದೆ. "ಅದೆಲ್ಲ ರಾಷ್ಟ್ರಪತಿ ಆಗೋಕೆ ಮೊದಲು. ಆದ ಮೇಲಿಂದು ಹೇಳು" ಅಂದರು. ನನಗೆ ಉತ್ತರ ಬರಲಿಲ್ಲ. ಸಿಟ್ಟು ಬಂದು ಎದ್ದು ಹೋದೆ, ಆಮೇಲೆ ಬೇಜಾರಾಯಿತು.

ಅದಕ್ಕೇ ಕೇಳ್ತಿದ್ದೇನೆ. ದೊಡ್ಡವರು, ಗೊತ್ತಿರುವವರು ಹೇಳಿ. ಸುಮ್ನೆ ಹೊಗಳಬೇಡಿ, ಸುಮ್ನೆ ಬೈಯಲೂ ಬೇಡಿ.


ಗಾಂಧಿಬಜಾರ್ ಹಿರಿಯ | ಜುಲೈ 22

ಮಗಳೇ, ಅಳೋದರಲ್ಲಿ ತಪ್ಪೇನೂ ಇಲ್ಲ. ನನಗೂ ಮನಸ್ಸು ಭಾರವಾಗಿದೆ.

ನಾನು ಬೆಂಗಳೂರಿನಲ್ಲಿ ರಕ್ಷಣಾ ಇಲಾಖೆಯ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಮೂವತ್ತು ವರ್ಷ ನಿಂತವನು. ನಾನು ಸೇರುವ ಹೊತ್ತಿಗೆ ಕಲಾಂ ಬೆಂಗಳೂರು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಆದರೆ ಹಳೇ ಫಿಟ್ಟರ್‌ಗಳು ಊಟದ ಹೊತ್ತಿನಲ್ಲಿ 'ನಂದಿ' ಕಥೆ ಹೇಳೋರು. ಗಾಳಿಯನ್ನೇ ಮೆತ್ತೆ ಮಾಡಿಕೊಂಡು ನೆಲದಿಂದ ಸ್ವಲ್ಪ ಮೇಲೆ ತೇಲುವ ಗಾಡಿ, ಹೋವರ್‌ಕ್ರಾಫ್ಟ್. ಇಲ್ಲೇ ಬೆಂಗಳೂರಿನಲ್ಲಿ ಕಲಾಂ ಮತ್ತು ಅವರ ಜೊತೆಯ ನಾಲ್ಕಾರು ಜನ ಸೇರಿ ಕಟ್ಟಿದ್ದು. ಹೊರದೇಶದಿಂದ ತರಿಸಿದ್ದಲ್ಲ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅದರಲ್ಲಿ ಕೂತರು, ಓಡಿಸಿದ್ದು ಕಲಾಂ. ಆಮೇಲೆ ಮೆನನ್ ಮಂತ್ರಿ ಪದವಿ ಬಿಟ್ಟು ಹೋದರು, ಆ ಕೆಲಸಕ್ಕೆ ದಿಕ್ಕಿಲ್ಲದಂತಾಯಿತು. ಅಂಥ ನಿರಾಸೆ ನುಂಗಿಕೊಂಡು ಮುಂದೆ ಹೋದ ಮನುಷ್ಯ ಆ ಕುರ್ಚಿಗೆ ಹೋದರಲ್ಲ, ವರ್ಕ್‌ಶಾಪಿನ ನಮ್ಮಂಥವರಿಗೆ ಅದು ನಮ್ಮ ಮನೆಯ ಹುಡುಗನೇ ಹೋದ ಹಾಗಿತ್ತು.

ಅಪ್ಪ ಕೇಳಿದ್ದು ಸರಿ, ಆದ ಮೇಲಿಂದು ಹೇಳ್ತೇನೆ. ಹೋದ ವರ್ಷ ಲಾಭದಾಯಕ ಹುದ್ದೆ ಮಸೂದೆ ನೆನಪಿದೆಯಾ? ಸಂಸದರು ಸರ್ಕಾರದ ಬೇರೆ ಹುದ್ದೆ ಇಟ್ಟುಕೊಂಡರೆ ಸದಸ್ಯತ್ವ ಹೋಗುತ್ತೆ ಅನ್ನೋದು ಕಾನೂನು. ಜಯಾ ಬಚ್ಚನ್ ಹಾಗೇ ಕಳಕೊಂಡರು, ಸೋನಿಯಾ ತಾವೇ ರಾಜೀನಾಮೆ ಕೊಟ್ಟು ಮತ್ತೆ ರಾಯ್‌ಬರೇಲಿಯಿಂದ ಗೆದ್ದು ಬಂದರು. ಆಗ ಉಳಿದವರನ್ನು ಕಾಪಾಡೋಕೆ ಹುದ್ದೆಗಳ ಒಂದು ಪಟ್ಟಿ ಮಾಡಿ, ಹಿಂದಿನಿಂದಲೇ ಅನ್ವಯ ಅಂತ ಸಂಸತ್ತು ಮಸೂದೆ ಪಾಸು ಮಾಡಿತು. 2006ರ ಮೇ 30ರಂದು ಕಲಾಂ ಅದನ್ನು ವಾಪಸ್ ಕಳಿಸಿದರು. ಎಲ್ಲ ರಾಜ್ಯಕ್ಕೂ ಒಂದೇ ಅಳತೆ ಇರಲಿ, ನ್ಯಾಯವಾಗಿರಲಿ ಅಂತ ಕೇಳಿದರು. ತಮ್ಮ ಅನ್ನಕ್ಕೆ ತಾವೇ ತುಪ್ಪ ಬಡಿಸಿಕೊಳ್ಳುವ ಸಂಸದರಿಗೆ ಒಬ್ಬರಾದರೂ ಕೈ ಅಡ್ಡ ಹಿಡಿದರಲ್ಲ. ಇದನ್ನು ಜಮಾ ಕಡೆ ಬರೆದುಕೊಳ್ಳಿ ಅಂತ ಅಪ್ಪನಿಗೆ ಹೇಳು.


ಹುಬ್ಬಳ್ಳಿ ವಕೀಲ | ಜುಲೈ 22

ಹಿರಿಯರ ಮಾತಿಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಕಥೆ ಅರ್ಧಕ್ಕೆ ನಿಂತಿದೆ. ಸಂಸತ್ತು ಒಂದು ಅಕ್ಷರವನ್ನೂ ಬದಲಿಸದೆ ಅದೇ ಮಸೂದೆಯನ್ನು ಮತ್ತೆ ಕಳಿಸಿತು. ಆಗಸ್ಟ್ 18ಕ್ಕೆ ಅವರು ಸಹಿ ಹಾಕಿದರು. ಎರಡನೇ ಸಲ ಬಂದರೆ ಹಾಕಲೇಬೇಕು, ಸಂವಿಧಾನ ಇರುವುದೇ ಹಾಗೆ, ಅದರಲ್ಲಿ ಅವರ ತಪ್ಪಿಲ್ಲ.

ನನಗೆ ನೋವಿರುವುದು ಬಿಹಾರದ ವಿಷಯದಲ್ಲಿ. 2005ರ ಫೆಬ್ರುವರಿ ಚುನಾವಣೆಯಲ್ಲಿ ಅಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಗೆದ್ದ ಶಾಸಕರು ಒಂದು ದಿನವೂ ಸದನದಲ್ಲಿ ಕೂತಿರಲಿಲ್ಲ. ಮೇ ತಿಂಗಳಲ್ಲಿ ನಿತೀಶ್ ಕುಮಾರ್ ಕಡೆಗೆ ಸಂಖ್ಯೆ ಸೇರುತ್ತಿದೆ ಅನ್ನುವಾಗ, ಕುದುರೆ ವ್ಯಾಪಾರ ನಡೀತಿದೆ ಅಂತ ರಾಜ್ಯಪಾಲ ಬೂಟಾ ಸಿಂಗ್ ವರದಿ ಕೊಟ್ಟರು. ಕೇಂದ್ರ ಸಂಪುಟ ರಾತ್ರೋರಾತ್ರಿ ಕೂತು ವಿಧಾನಸಭೆ ವಿಸರ್ಜಿಸಲು ತೀರ್ಮಾನಿಸಿತು. ಕಲಾಂ ಆಗ ಮಾಸ್ಕೋದಲ್ಲಿದ್ದರು. ಫ್ಯಾಕ್ಸ್ ಹೋಯಿತು, ಸಹಿ ಬಂತು. 23ರ ಬೆಳಿಗ್ಗೆ ಜನ ಎದ್ದಾಗ ಬಿಹಾರದಲ್ಲಿ ವಿಧಾನಸಭೆಯೇ ಇರಲಿಲ್ಲ. ಆಮೇಲೆ ಸುಪ್ರೀಂ ಕೋರ್ಟು ಅದನ್ನು ಸಂವಿಧಾನಬಾಹಿರ ಅಂದಿತು.

ಇದು ಬೇರೆ ರಾಜ್ಯದ ಸುದ್ದಿ ಅಂತ ನಾವು ಬಿಡೋ ಹಾಗಿಲ್ಲ. ಇದೇ ಹುಬ್ಬಳ್ಳಿಯಿಂದ ಗೆದ್ದು ಮುಖ್ಯಮಂತ್ರಿಯಾದ ಎಸ್. ಆರ್. ಬೊಮ್ಮಾಯಿ ಸರ್ಕಾರವನ್ನು 1989ರಲ್ಲಿ ಹೀಗೇ ಕಿತ್ತು ಹಾಕಿದರು. ಸದನದಲ್ಲಿ ಬಹುಮತ ತೋರಿಸ್ತೀನಿ ಅಂತ ಅವರು ಗೋಗರೆದರೂ ಕೇಳಲಿಲ್ಲ. ಆ ಕೇಸು ಹೋಗಿ 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು: ಬಹುಮತ ಅಳೆಯೋ ಜಾಗ ಸದನ, ರಾಜಭವನ ಅಲ್ಲ. ನಾನು ಆಗ ಲಾ ಓದುತ್ತಿದ್ದೆ. ತೀರ್ಪಿನ ಸುದ್ದಿ ಬಂದ ದಿನ ನಮ್ಮ ಮೇಷ್ಟ್ರು ಪಾಠ ಬಿಟ್ಟು ಪೇಪರನ್ನೇ ಓದಿ ಹೇಳಿದ್ದರು.

ಕಲಾಂಗಿಂತ ಮೊದಲು ರಾಷ್ಟ್ರಪತಿಯಾಗಿದ್ದ ಕೆ. ಆರ್. ನಾರಾಯಣನ್ ಅವರನ್ನು ನೋಡಿ. 1997ರಲ್ಲಿ ಉತ್ತರ ಪ್ರದೇಶಕ್ಕೆ ರಾಷ್ಟ್ರಪತಿ ಆಳ್ವಿಕೆ ಹೇರಬೇಕು ಅನ್ನುವ ಗುಜ್ರಾಲ್ ಸರ್ಕಾರದ ಶಿಫಾರಸು ವಾಪಸ್. 1998ರಲ್ಲಿ ಇದೇ ಬಿಹಾರಕ್ಕೆ ವಾಜಪೇಯಿ ಸರ್ಕಾರದ ಶಿಫಾರಸೂ ವಾಪಸ್. ಪಕ್ಷ ನೋಡಲಿಲ್ಲ. ಕಲಾಂ ಅವರಿಗೂ ಒಂದು ಸಲ ವಾಪಸ್ ಕಳಿಸುವ ಹಕ್ಕಿತ್ತು. ಬೆಳಗಾಗಲಿ, ದೆಹಲಿಗೆ ಬಂದು ನೋಡ್ತೇನೆ ಅಂದಿದ್ದರೆ ಸಾಕಿತ್ತು. ಒಳ್ಳೆಯ ಮನುಷ್ಯ ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೆ ರಾಷ್ಟ್ರಪತಿಯ ಪೆನ್ನಿಗೆ ನಿಜವಾದ ಕೆಲಸ ಬರೋದು ಐದು ವರ್ಷದಲ್ಲಿ ಎರಡೋ ಮೂರೋ ಸಲ. ಅದರಲ್ಲಿ ಒಂದು ಸಲ ಅವರು ತಪ್ಪಿದರು.


ಹನೂರು ಮೇಷ್ಟ್ರು | ಜುಲೈ 23

ವಕೀಲರು ಬರೆದದ್ದು ಓದಿ ತುಂಬ ತಿಳಕೊಂಡೆ. ನಮ್ಮ ಹಳ್ಳಿ ಕಡೆಯಿಂದ ಒಂದು ಮಾತು ಹೇಳ್ತೇನೆ.

ಕಲಾಂ 'ಪುರ' ಅಂತ ಒಂದು ಯೋಜನೆ ಹೋದಲ್ಲೆಲ್ಲ ಹೇಳೋರು. ಇಂಗ್ಲಿಷಿನ ನಾಲ್ಕು ಅಕ್ಷರ ಸೇರಿಸಿ ಮಾಡಿದ ಹೆಸರು, ನಮಗೆ ಅದು ಊರೇ ಆಯಿತು. ಹತ್ತಾರು ಹಳ್ಳಿಗಳನ್ನು ಒಂದು ಗುಂಪು ಮಾಡಿ, ಅವುಗಳ ನಡುವೆ ರಸ್ತೆ, ಫೋನು-ಇಂಟರ್ನೆಟ್ಟು, ಓದು, ವ್ಯಾಪಾರ ನಾಲ್ಕನ್ನೂ ಜೋಡಿಸಿದರೆ ಜನ ಪಟ್ಟಣಕ್ಕೆ ಗುಳೆ ಹೋಗೋದು ನಿಲ್ಲುತ್ತೆ ಅನ್ನೋದು ಅವರ ಲೆಕ್ಕ. ನನಗೆ ಈ ಯೋಚನೆ ಬಹಳ ಹಿಡಿಸಿತ್ತು. ನಮ್ಮ ಊರಿನಲ್ಲಿ ತ್ರೀ ಫೇಸ್ ಕರೆಂಟು ಬರೋದು ನಡುರಾತ್ರಿ. ರೈತರು ಬ್ಯಾಟರಿ ಹಿಡಕೊಂಡು, ಹಾವು ಹುಳ ಅನ್ನದೆ ಮೋಟರ್ ಹಾಕೋಕೆ ಗದ್ದೆಗೆ ಹೋಗ್ತಾರೆ. ಬೆಳಿಗ್ಗೆ ಅವರ ಮಕ್ಕಳು ಶಾಲೆಯಲ್ಲಿ ತೂಕಡಿಸ್ತಾರೆ, ಯಾಕಂದರೆ ಮಡೆ ತಿರುಗಿಸೋಕೆ ಅವರೂ ಹೋಗಿರ್ತಾರೆ. ಇಂಥ ಊರಿನ ಬಗ್ಗೆ ರಾಷ್ಟ್ರಪತಿ ದಿನಾ ಮಾತಾಡ್ತಾರೆ ಅನ್ನೋದೇ ನಮಗೆ ದೊಡ್ಡದಾಗಿ ಕಂಡಿತ್ತು.

ಆದರೆ ಯೋಜನೆ ನಮ್ಮ ತನಕ ಬರಲಿಲ್ಲ. ಕೆಲವು ಕಡೆ ಪ್ರಯೋಗ ಅಂತ ಶುರುವಾಯಿತು, ಅಷ್ಟೇ. ಹಣ ಕೊಡೋದು ಸರ್ಕಾರ, ಮಾಡೋದು ಅಧಿಕಾರಿಗಳು. ರಾಷ್ಟ್ರಪತಿ ಹೇಳಬಹುದು, ಮಾಡಿಸೋಕಾಗಲ್ಲ. ಆಗದ ಕೆಲಸದ ಆಸೆಯನ್ನು ಅಷ್ಟು ಜೋರಾಗಿ ಹುಟ್ಟಿಸಬಾರದಿತ್ತೇನೋ ಅಂತ ಒಮ್ಮೊಮ್ಮೆ ಅನಿಸುತ್ತೆ.

ನಮ್ಮ ಚಾಮರಾಜನಗರ ಜಿಲ್ಲೆಗೆ ಬಂದದ್ದು ಎಜುಸ್ಯಾಟ್. ಉಪಗ್ರಹದಿಂದ ಪಾಠ. ಅದು ಇಸ್ರೋ ಕೆಲಸ, ಕಲಾಂ ಖಾತೆಗೆ ಹಾಕಬಾರದು. ಆದರೆ ಛಾವಣಿ ಮೇಲೆ ಡಿಶ್ ಕೂರಿಸಿದ ದಿನ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಬಂದು "ಸಾ, ಇದು ಕಲಾಂ ತಾತ ಕಳ್ಸಿದ್ದಾ?" ಅಂದಳು. ಅವಳಿಗೆ ಮುಖ್ಯಮಂತ್ರಿ ಯಾರು ಅಂತ ಗೊತ್ತಿರಲಿಲ್ಲ. ಆಕಾಶದಿಂದ ಏನೇ ಬಂದರೂ ಅದು ಕಲಾಂ ತಾತಂದೇ. ನಾನು ಇಲ್ಲಮ್ಮ ಅನ್ನಲಿಲ್ಲ.


ಕಡಲ ತಡಿ | ಜುಲೈ 23

ಯಾರೂ ಧನಂಜಯ್ ಚಟರ್ಜಿ ಹೆಸರೇ ಎತ್ತಲಿಲ್ಲ. ಕೋಲ್ಕತ್ತದ ಅಪಾರ್ಟ್‌ಮೆಂಟ್ ಒಂದರಲ್ಲಿ ಕಾವಲುಗಾರ. ಹದಿನಾಲ್ಕು ವರ್ಷ ಜೈಲಲ್ಲಿ ಇಟ್ಟು 2004ರ ಆಗಸ್ಟ್ 14ರಂದು ನೇಣಿಗೆ ಹಾಕಿದರು. ಕ್ಷಮೆ ಅರ್ಜಿ ತಳ್ಳಿಹಾಕಿದ್ದು ಕಲಾಂ. ಅವನು ಮಾಡಿದ ಅಪರಾಧ ಸಣ್ಣದು ಅಂತ ನಾನು ಹೇಳ್ತಿಲ್ಲ. ಆದರೆ ನೇಣಿಗೆ ಹೋಗೋರು ಯಾವಾಗಲೂ ಬಡವರೇ ಯಾಕೆ? ಒಳ್ಳೆ ವಕೀಲರನ್ನು ಇಡೋ ಶಕ್ತಿ ಇದ್ದವನು ಇಲ್ಲಿ ನೇಣುಗಂಬ ನೋಡಿದ್ದು ನನಗಂತೂ ಗೊತ್ತಿಲ್ಲ. ಇರುವೆಗೂ ನೋವಾಗದ ಹಾಗೆ ಮಾತಾಡೋ ಸಸ್ಯಾಹಾರಿ ಮನುಷ್ಯ ಆ ಕಡತದ ಮೇಲೆ ಹೇಗೆ ಬರೆದರು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಖೇರಾಜ್ ರಾಮ್ ಅನ್ನೋರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು, ಒಪ್ಪುತ್ತೇನೆ. ಇವೆರಡು ಬಿಟ್ಟರೆ ಉಳಿದ ಇಪ್ಪತ್ತಕ್ಕೂ ಜಾಸ್ತಿ ಅರ್ಜಿಗಳಿಗೆ ಹೌದೂ ಇಲ್ಲ, ಅಲ್ಲವೂ ಇಲ್ಲ. ಅಷ್ಟು ಜನ ದಿನಾ ಬೆಳಿಗ್ಗೆ ಬೂಟಿನ ಸದ್ದು ಕೇಳಿದರೆ ಬೆಚ್ಚಿ ಏಳ್ತಾರೆ. ಇದನ್ನೂ ಖರ್ಚಿನ ಕಡೆ ಬರೀರಿ.


ಮೈಸೂರಿನ ಅಕ್ಕ | ಜುಲೈ 23

ಕಡಲ ತಡಿಯವರೇ, ಅವನು ಕೊಂದದ್ದು ಶಾಲೆಗೆ ಹೋಗೋ ಹುಡುಗಿಯನ್ನು. ತನ್ನನ್ನು ಕಾಯಲಿ ಅಂತ ಯಾರನ್ನು ಇಟ್ಟಿದ್ದರೋ ಅವನೇ ಕೆಡಿಸಿ ಕೊಂದ. ನನಗೆ ಇಬ್ಬರು ಹೆಣ್ಣುಮಕ್ಕಳು. ಆ ತಾಯಿಯ ಕಡೆಯಿಂದ ನೋಡಿದರೆ ಕಲಾಂ ಮಾಡಿದ್ದೇ ಸರಿ ಅನಿಸುತ್ತೆ. ಬಾಕಿ ಅರ್ಜಿಗಳ ವಿಷಯ ಮಾತ್ರ ನೀವು ಹೇಳಿದ್ದು ನಿಜ. ಏನಾದರೂ ಒಂದು ಹೇಳಬೇಕಿತ್ತು.

ನಾನು ಬರೆಯಬೇಕು ಅಂತ ಬಂದದ್ದು ಬೇರೆ. ನನ್ನ ತಮ್ಮನಿಗೆ ಹುಟ್ಟಿನಿಂದ ಕಣ್ಣು ಕಾಣಲ್ಲ. ಹೋದ ವರ್ಷ ರಾಷ್ಟ್ರಪತಿ ಭವನದ ಮೊಘಲ್ ಗಾರ್ಡನ್ ಜನರಿಗೆ ತೆಗೆದಾಗ ಅವನನ್ನು ಕರಕೊಂಡು ಹೋಗಿದ್ದೆವು. ಕಲಾಂ ಬಂದ ಮೇಲೆ ಅಲ್ಲಿ ಕಣ್ಣಿಲ್ಲದವರಿಗೆ ಅಂತಲೇ ಒಂದು ತೋಟ ಮಾಡಿದ್ದಾರೆ. ವಾಸನೆ ಇರೋ ಗಿಡಗಳು, ಪಕ್ಕದಲ್ಲಿ ಬ್ರೈಲ್ ಫಲಕ. ಅಲ್ಲಿವರೆಗೆ ತೋಟ ಅಂದರೆ ಅವನಿಗೆ "ಮುಟ್ಟಬೇಡ, ಹೂ ಉದುರುತ್ತೆ" ಅಂತ ಯಾರೋ ಗದರೋ ಜಾಗ. ಇಲ್ಲಿ ಎಲೆ ಉಜ್ಜಿ ಮೂಸಿ ನೋಡಿದ, ಫಲಕದ ಮೇಲೆ ಬೆರಳಾಡಿಸಿದ, "ಅಕ್ಕಾ ತುಳಸಿ!" ಅಂತ ಕೂಗಿದ. ನಾವು ಯಾರೂ ಹೇಳಿಕೊಟ್ಟಿರಲಿಲ್ಲ. ಮುಂದಿನ ಗಿಡಕ್ಕೆ ನನ್ನ ಕೈ ಬಿಟ್ಟು ತಾನೇ ಹೋದ.

ಕಾನೂನು ನನಗೆ ಗೊತ್ತಾಗಲ್ಲ. ಅಷ್ಟು ದೊಡ್ಡ ಮನೆಗೆ ಹೋಗಿ ಕೂತವರಿಗೆ ನನ್ನ ತಮ್ಮನಂಥವನು ನೆನಪಾದನಲ್ಲ, ನನಗೆ ಅದು ಸಾಕು.


ತುಮಕೂರು | ಜುಲೈ 23

ಏಪ್ರಿಲ್‌ನಲ್ಲಿ ಕಲಾಂ ಶಿವಕುಮಾರ ಸ್ವಾಮೀಜಿಗಳ ನೂರರ ಸಂಭ್ರಮಕ್ಕೆ ಸಿದ್ಧಗಂಗೆಗೆ ಬಂದಿದ್ದರು. ನಾನೂ ಬಿಸಿಲಲ್ಲಿ ನಿಂತು ನೋಡಿದೆ. ಅವರಿಗೇ ಎರಡನೇ ಸಲ ಕೊಡಬೇಕಿತ್ತು. ಇಡೀ ದೇಶ ಕೇಳ್ತಿತ್ತು, ಪಕ್ಷದವರಿಗೆ ಬೇಡವಾಯಿತು.


ಹುಬ್ಬಳ್ಳಿ ವಕೀಲ | ಜುಲೈ 24

ತುಮಕೂರಿನವರೇ, ಅಲ್ಲೂ ಒಂದು ಮಾತಿದೆ. ಕಳೆದ ತಿಂಗಳು ಜಯಲಲಿತಾ, ಚಂದ್ರಬಾಬು, ಮುಲಾಯಂ ಹೋಗಿ ಕೇಳಿದಾಗ, ಗೆಲ್ಲೋದು ಖಚಿತವಾದರೆ ನೋಡೋಣ ಅಂದರು. ಖಚಿತ ಇಲ್ಲ ಅಂತ ಗೊತ್ತಾದ ಮೇಲೆ ಬೇಡ ಅಂದರು. 2002ರಲ್ಲಿ ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್ ಸೋಲೋದು ಖಚಿತ ಅಂತ ಗೊತ್ತಿದ್ದೂ ಇದೇ ಕಲಾಂ ಎದುರು ನಿಂತಿದ್ದರು. ಮೊದಲೇ ಬೇಡ ಅಂದುಬಿಟ್ಟಿದ್ದರೆ ಅವರ ಘನತೆ ಇನ್ನೂ ಒಂದು ಕೈ ಮೇಲಿರುತ್ತಿತ್ತು.

ಮೈಸೂರಿನ ಅಕ್ಕನವರೇ, ನಿಮ್ಮ ತಮ್ಮನ ಮಾತು ಮನೆಯವಳಿಗೂ ಓದಿ ಹೇಳಿದೆ.


ದಾವಣಗೆರೆ ಹುಡುಗಿ | ಜುಲೈ 24

ಎಲ್ಲರಿಗೂ ತುಂಬ ಥ್ಯಾಂಕ್ಸ್. ಸೈಬರ್ ಕೆಫೆಯಲ್ಲಿ ಎಲ್ಲ ಪ್ರಿಂಟ್ ತೆಗೆಸಿ ಅಪ್ಪನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದೇ ಓದಿದರು. ಬೊಮ್ಮಾಯಿ ವಿಷಯ ಬಂದಾಗ "ಹೌದು, ನೆನಪೈತಿ" ಅಂದರು. ತುಳಸಿ ಗಿಡದ ಹತ್ತಿರ ಬಂದಾಗ ಸ್ವಲ್ಪ ಹೊತ್ತು ಹಾಳೆ ಕೆಳಗಿಟ್ಟರು. ನನಗೂ ಬಿಹಾರದ್ದು ಗೊತ್ತೇ ಇರಲಿಲ್ಲ, ರಾತ್ರಿಯೆಲ್ಲ ಅದೇ ತಲೆಯಲ್ಲಿತ್ತು. ಫೋಟೋ ನೋಟ್‌ಬುಕ್ಕಿನಲ್ಲೇ ಇರಲಿ ಅಂತ ಬಿಟ್ಟಿದ್ದೇನೆ.

ಅಪ್ಪ ಒಂದು ಪ್ರಶ್ನೆ ಕೇಳಿದ್ದಾರೆ, ನನಗೆ ಗೊತ್ತಿಲ್ಲ. ಆ ಇಪ್ಪತ್ತು ಚಿಲ್ಲರೆ ಅರ್ಜಿ ನಾಳೆಯಿಂದ ಯಾರ ಲೆಕ್ಕಕ್ಕೆ ಹೋಗುತ್ತವೆ?


ಹುಬ್ಬಳ್ಳಿ ವಕೀಲ | ಜುಲೈ 24

ಹೊಸ ರಾಷ್ಟ್ರಪತಿಯವರ ಲೆಕ್ಕಕ್ಕಮ್ಮ. ಗೃಹ ಇಲಾಖೆ ಸಲಹೆ ಕೊಡುತ್ತೆ, ಸಹಿ ಅವರದು. ಇಷ್ಟೇ ದಿನದಲ್ಲಿ ತೀರ್ಮಾನಿಸಬೇಕು ಅಂತ ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ.