ಅಪ್ಪನ ಪದ್ಮಿನಿ ಕಾರಿನ ಪಾರ್ಟ್ಸ್ ಪೂರ್ತಿ ತುಕ್ಕು, ಆಸಿಡ್ ನೀರಲ್ಲಿ ನೆನೆಸಿ ತೆಗೆದವರು ಇದ್ದೀರಾ?

ಉಡುಪಿ ಕಡೆಯಿಂದ:
ಅಪ್ಪನ 1986ರ ಪ್ರೀಮಿಯರ್ ಪದ್ಮಿನಿ ಉಂಟು. ಅಪ್ಪ ಹೋಗಿ ಒಂಬತ್ತು ವರ್ಷ, ಅಲ್ಲಿಂದ ಗಾಡಿ ಸೌದೆ ಕೊಟ್ಟಿಗೆಯಲ್ಲೇ ನಿಂತಿದೆ. ಸಮುದ್ರ ಎರಡು ಕಿಲೋಮೀಟರ್ ದೂರ, ಇಲ್ಲಿನ ಮಳೆಗಾಲ ನಿಮಗೆ ಗೊತ್ತಲ್ಲ. ಈಗ ಬಿಚ್ಚಲಿಕ್ಕೆ ಶುರು ಮಾಡಿದ್ದೇನೆ. ರಿಮ್ಮು, ಬ್ರೇಕ್ ಡ್ರಮ್ಮು, ಬಾನೆಟ್ ಹಿಂಜು, ಬಂಪರ್ ಕ್ಲಾಂಪು, ಜಾಕು, ಒಂದು ಡಬ್ಬ ತುಂಬ ನಟ್ಟು ಬೋಲ್ಟು, ಎಲ್ಲ ಕೆಂಪು. ವೈರ್ ಬ್ರಷ್ ಉಜ್ಜಿ ಉಜ್ಜಿ ಕೈ ಸೋತಿದೆ. ಒಬ್ಬರು ವಿನೆಗರ್ ಅಂತಾರೆ, ಒಬ್ಬರು ನಿಂಬೆ ಉಪ್ಪು ಅಂತಾರೆ, ಮತ್ತೊಬ್ಬರು ಟಾಯ್ಲೆಟ್ ತೊಳೆಯುವ ಆಸಿಡೇ ಸುರೀರಿ ಅಂದ್ರು. ಕೇಳಿದ್ದು ಬೇಡ, ಮಾಡಿ ನೋಡಿದವರು ಹೇಳಿ ಮಾರಾಯ್ರೆ.

ಮೈಸೂರಿಂದ:
ಮೊದಲು ಆ ಟಾಯ್ಲೆಟ್ ಆಸಿಡ್ ವಿಷ್ಯ ಮುಗಿಸ್ಬಿಡ್ತೀನಿ. ಬೇಡ. ನಾನು ಹಾಕಿದ್ದೆ, ತುಕ್ಕು ಇಪ್ಪತ್ತೇ ನಿಮಿಷಕ್ಕೆ ಹೋಯ್ತು, ಖುಷಿಯಾಗಿ ಟಬ್ಬನ್ನ ಹಾಗೇ ಶೆಡ್ಡಲ್ಲಿ ಬಿಟ್ಟು ಬಾಗಿಲು ಹಾಕ್ಕೊಂಡು ಬಂದೆ, ಬೆಳಗ್ಗೆ ನೋಡಿದ್ರೆ ಗೋಡೆಗೆ ನೇತು ಹಾಕಿದ್ದ ಸ್ಪ್ಯಾನರ್ ಸೆಟ್ ಪೂರ್ತಿ ಕಂದು. ಅದು ಹೈಡ್ರೋಕ್ಲೋರಿಕ್, ಅದರ ಹೊಗೆನೇ ಸಾಕು ಪಕ್ಕದಲ್ಲಿರೋ ಕಬ್ಬಿಣಕ್ಕೆಲ್ಲ ತುಕ್ಕು ಹಿಡಿಸೋಕೆ. ನನ್ನ ಗಂಟಲು ಎರಡು ದಿನ ಉರೀತಿತ್ತು, ಅದು ಬೇರೆ.

ಆಮೇಲಿಂದ ನಿಂಬೆ ಉಪ್ಪೇ. ದಿನಸಿ ಅಂಗಡೀಲಿ ಚಿಕ್ಕ ಪೊಟ್ಟಣ ತಗೋಬೇಡಿ, ಕೆಮಿಕಲ್ ಅಂಗಡೀಲಿ ಸಿಟ್ರಿಕ್ ಆಸಿಡ್ ಅಂತ ಕೇಳಿದ್ರೆ ಕೆಜಿ ಲೆಕ್ಕದಲ್ಲಿ ಕೊಡ್ತಾರೆ. ಲೀಟರ್ ನೀರಿಗೆ 50 ಗ್ರಾಂ, ಕೈ ತಡೆಯೋಕಾಗದಷ್ಟು ಬಿಸಿ ನೀರು, ಪ್ಲಾಸ್ಟಿಕ್ ಟಬ್ಬು. ಅದಕ್ಕೂ ಮುಂಚೆ ಪಾರ್ಟನ್ನ ಡೀಸೆಲ್ಲಲ್ಲಿ ಉಜ್ಜಿ ಆಮೇಲೆ ಸೋಪು ನೀರಲ್ಲಿ ತೊಳೀಲೇಬೇಕು, ಗ್ರೀಸ್ ಇದ್ದ ಕಡೆ ಆಸಿಡ್ ನೀರು ಮುಟ್ಟೋದೇ ಇಲ್ಲ, ಚುಕ್ಕೆ ಚುಕ್ಕೆಯಾಗಿ ತುಕ್ಕು ಉಳ್ಕೊಳತ್ತೆ. ಎರಡು ಗಂಟೆಗೊಮ್ಮೆ ಎತ್ತಿ ಬ್ರಷ್ ಆಡ್ಸಿ ಮತ್ತೆ ಮುಳುಗ್ಸಿ. ತೆಳು ತುಕ್ಕು ಮೂರು ನಾಲ್ಕು ಗಂಟೆ, ನಿಮ್ಮಂಥ ಕರಾವಳಿ ತುಕ್ಕಾದ್ರೆ ಒಂದು ರಾತ್ರಿ. ವಿನೆಗರ್ರೂ ಆಗತ್ತೆ, ಆದ್ರೆ ಅಂಗಡೀಲಿ ಸಿಗೋದು ಹೆಚ್ಚು ಕಮ್ಮಿ 4ರಿಂದ 5 ಪರ್ಸೆಂಟ್, ರಿಮ್ ಮುಳುಗಿಸೋಕೆ ಎಷ್ಟು ಬಾಟ್ಲಿ ತರ್ತೀರ? ನಟ್ಟು ಬೋಲ್ಟಿಗೆ ಮಾತ್ರ ಸರಿ.

ಮರೆತು ಮಾತ್ರ ಬಿಡ್ಬೇಡಿ. ಮದುವೆಗೆ ಅಂತ ಹಾಸನಕ್ಕೆ ಹೋಗಿ ನಾಲ್ಕು ದಿನ ಆದ್ಮೇಲೆ ಬಂದು ನೋಡ್ದಾಗ ನನ್ನ ಬೋಲ್ಟ್‌ಗಳ ಮರೆ (ಥ್ರೆಡ್) ಸವೆದು ನಟ್ಟು ಲಡಲಡ ಅಂತಿತ್ತು.

ಹುಬ್ಬಳ್ಳಿಯಿಂದ:
ನಮ್ಮದು ಲೇತ್ ಅಂಗಡಿ ಐತ್ರಿ, ಹಿಂಗ ಆಸಿಡ್‌ನ್ಯಾಗ ಹಾಕಿ ಕೆಡಿಸ್ಕೊಂಡ ಸಾಮಾನು ಭಾಳ ಬರ್ತಾವ. ಏನು ಹಾಕಬೇಕು ಅನ್ನೂದಕ್ಕಿಂತ ಏನು ಹಾಕಬಾರದು ಅನ್ನೂದು ಮೊದಲ ತಿಳ್ಕೋರಿ. ಸ್ಪ್ರಿಂಗ್ ಯಾವುದೂ ಹಾಕಬ್ಯಾಡ್ರಿ, ಹಿಂದಿನ ಪಾಟಾ (ಪಟ್ಟಿ ಸ್ಪ್ರಿಂಗ್) ಅಷ್ಟ, ಮುಂದಿನ ಕಾಯಿಲ್ ಸ್ಪ್ರಿಂಗೂ ಅಷ್ಟ, ಬ್ರೇಕ್ ಶೂ ಎಳೆಯೂ ಸಣ್ಣ ಸ್ಪ್ರಿಂಗೂ ಅಷ್ಟ. ಆಸಿಡ್ ಕಬ್ಬಿಣದ ಜೋಡಿ ಕೂಡಿದಾಗ ಹೈಡ್ರೋಜನ್ ಹುಟ್ಟತೈತಿ, ಅದು ಗಟ್ಟಿ ಉಕ್ಕಿನೊಳಗ ಹೊಕ್ಕು ಬಿರುಸು ಮಾಡತೈತಿ, ಹೊರಗ ನೋಡಿದ್ರ ಫಳಫಳ, ಲೋಡ್ ಬಿದ್ದ ಕೂಡಲೆ ಟಕ್ ಅಂತ ಮುರೀತೈತಿ. ನಮ್ಮ ಗಿರಾಕಿ ಒಬ್ಬರ ಕ್ಲಚ್ ಪೆಡಲ್ ಸ್ಪ್ರಿಂಗ್ ಹಿಂಗ ಹೋತು, ಪುಣ್ಯಾಕ ಗಾಡಿ ಮನಿ ಮುಂದ ನಿಂತಿತ್ತು. ಬೋಲ್ಟ್ ತಲಿ ಮ್ಯಾಲೆ 10.9 ಇಲ್ಲಾ 12.9 ಅಂತ ಇದ್ರ, ಅದು ಭಾಳ ಗಟ್ಟಿ ಉಕ್ಕಿನ ಗುರ್ತು, ಅದನ್ನೂ ಬಿಡ್ರಿ. ಚಕ್ರದ ಬೋಲ್ಟು, ಸ್ಟೇರಿಂಗ್ ಜಾಯಿಂಟು, ಬೇರಿಂಗು, ಇವನ್ನ ತುಕ್ಕು ತೆಗೆದು ಉಳಿಸೂ ಆಸೆ ಮಾಡಬ್ಯಾಡ್ರಿ, ಹೊಸಾವು ಹಾಕ್ರಿ.

ಇನ್ನ ಕಾರ್ಬುರೇಟರ್ ಬಾಡಿ ಸತುವಿನ ಎರಕ, ಅಲ್ಯೂಮಿನಿಯಂ ಪಾರ್ಟೂ ಇರ್ತಾವ, ಇವು ಆಸಿಡ್‌ನ್ಯಾಗ ಬುರುಗು ಎದ್ದು ತಿಂದು ಹೋಗ್ತಾವ. ಜಿಂಕ್ ಪ್ಲೇಟಿಂಗ್ ಇದ್ದ ಕ್ಲಾಂಪಿನ ಪ್ಲೇಟಿಂಗೂ ಉಳಿಯೂದಿಲ್ಲ.

ಬ್ರೇಕ್ ಡ್ರಮ್ ಹಾಕಬಹುದ್ರಿ, ಅದು ಬೀಡು ಕಬ್ಬಿಣ. ಹೊರಗ ತೆಗದಾಗ ಕರ್ರಗ ಮಸಿ ಹತ್ತಿದಂಗ ಕಾಣತೈತಿ, ಹೆದರಬ್ಯಾಡ್ರಿ, ಕಬ್ಬಿಣ ಕರಗಿ ಒಳಗಿನ ಗ್ರಾಫೈಟ್ ಮ್ಯಾಲೆ ಉಳದಿರ್ತೈತಿ, ತಿಕ್ಕಿ ತೊಳದ್ರ ಹೋಗತೈತಿ. ಆದ್ರ ಒಳಗಿನ ಮೈ ಲೇತಿಗೆ ಹಚ್ಚಿ ಸಾಫ್ ಮಾಡಿಸದ ಜೋಡಸಬ್ಯಾಡ್ರಿ, ಭಾಳ ತಗ್ಗು ಬಿದ್ದಿದ್ರ ಡ್ರಮ್ಮ ಬದಲಿ ಮಾಡೂದು ಚಲೋ.

ಬೆಂಗಳೂರಿಂದ:
ಮೈಸೂರಿನವರು ಹೇಳಿದ ಬೋಲ್ಟ್ ಸವೆಯೋ ಕಥೆಗೆ ಒಂದು ಪರಿಹಾರ ಇದೆ. ಸಿಟ್ರಿಕ್ ಎರಡು ಕೆಲಸ ಮಾಡತ್ತೆ, ಹುಳಿಯಿಂದ ತುಕ್ಕು ಕರಗಿಸೋದು ಒಂದು, ಕರಗಿದ ಕಬ್ಬಿಣದ ಅಂಶವನ್ನ ಗಟ್ಟಿಯಾಗಿ ಹಿಡ್ಕೊಂಡು ನೀರಲ್ಲೇ ಇಟ್ಕೊಳೋದು ಇನ್ನೊಂದು. ನಮಗೆ ಬೇಕಾಗಿರೋದು ಎರಡನೇದು, ಒಳ್ಳೇ ಕಬ್ಬಿಣ ತಿನ್ನೋದು ಮೊದಲನೇದು. ಅದಕ್ಕೆ ಸಿಟ್ರಿಕ್ ನೀರಿಗೆ ವಾಷಿಂಗ್ ಸೋಡ ಚಮಚ ಚಮಚವಾಗಿ ಹಾಕ್ತಾ ಬನ್ನಿ, ಪಿಎಚ್ ಪೇಪರಲ್ಲಿ (ಹುಳಿ ಎಷ್ಟಿದೆ ಅಂತ ತೋರಿಸೋ ಕಾಗದ) 4ರಿಂದ 5 ತೋರಿಸೋ ತನಕ. ಒಂದೇ ಸಲ ಸುರಿದ್ರೆ ಉಕ್ಕಿ ಬಾತ್‌ರೂಮ್ ತುಂಬ ಆಗತ್ತೆ, ನನ್ನ ಹೆಂಡ್ತಿ ಇವತ್ತಿಗೂ ಹೇಳ್ತಾಳೆ. ಸ್ವಲ್ಪ ನಿಧಾನ ಆಗತ್ತೆ, ಆದ್ರೆ ಲೋಹ ಅಷ್ಟಾಗಿ ಸವೆಯಲ್ಲ. ಇನ್ನೊಂದು ಮಾತು, ಬ್ಲೀಚಿಂಗ್ ನೀರು ಇದ್ದ ಬಕೆಟ್ಟಲ್ಲಿ ಆಸಿಡ್ ಕಲಸ್ಬೇಡಿ, ಕ್ಲೋರಿನ್ ಗ್ಯಾಸ್ ಬರತ್ತೆ. ಗ್ಲೌಸು, ಕನ್ನಡಕ, ಗಾಳಿ ಆಡೋ ಜಾಗ.

ಮಂಡ್ಯದಿಂದ:
ಆಸಿಡ್ ಯಾಕಣ್ಣ, ಕಾಕಂಬಿ ಹಾಕಿ. ಸಕ್ಕರೆ ಫ್ಯಾಕ್ಟರೀಲಿ ಕೊನೇಲಿ ಉಳಿಯುತ್ತಲ್ಲ ಅದೇ. ಒಂದು ಪಾಲು ಕಾಕಂಬಿ ಒಂಬತ್ತು ಪಾಲು ನೀರು, ಡ್ರಮ್ಮಿಗೆ ಹಾಕಿ ಪಾರ್ಟ್ ಮುಳುಗಿಸಿ ಮರ್ತುಬುಡಿ. ನಮ್ಮ ಮಾವನ ಜೀಪಿನ ಚಾಸಿ ಬ್ರಾಕೆಟ್‌ಗಳು ಮೂರು ವಾರಕ್ಕೆ ಹೊಸದರಂಗೆ ಬಂದ್ವು, ಗಟ್ಟಿ ಕಬ್ಬಿಣ ಒಂದಿಷ್ಟೂ ತಿಂದಿಲ್ಲ. ವಾಸನೆ ಮಾತ್ರ ಹೇಳಂಗಿಲ್ಲ, ನೊಣ ಊರಿಂದೆಲ್ಲ ಬತ್ತವೆ, ಮನೆಯಿಂದ ದೂರ ಇಡಿ. ಅಲ್ಯೂಮಿನಿಯಂ ಇದಕ್ಕೂ ಬೇಡ.

ಉಡುಪಿ ಕಡೆಯಿಂದ:
ಎಲ್ಲರಿಗೂ ಥ್ಯಾಂಕ್ಸ್. ಕಾಕಂಬಿ ಇಲ್ಲಿ ಎಲ್ಲಿ ಹುಡುಕುವುದು. ಒಂದು ಹಿಂಜು ನಿಂಬೆ ಉಪ್ಪಲ್ಲಿ ಹಾಕಿ ನೋಡಿದೆ, ರಾತ್ರಿ ಬಿಟ್ಟು ಬೆಳಗ್ಗೆ ತೆಗೆದೆ, ಬೂದು ಬಣ್ಣಕ್ಕೆ ಚಂದ ಬಂದಿತ್ತು. ನಳ್ಳಿ ನೀರಲ್ಲಿ ತೊಳೆದು ಕಟ್ಟೆ ಮೇಲೆ ಇಟ್ಟು ಚಾ ಕುಡಿದು ಬರುವಾಗ ಮತ್ತೆ ಕಿತ್ತಳೆ! ಹತ್ತು ನಿಮಿಷ ಆಗಿಲ್ಲ. ನಾನೇನು ತಪ್ಪು ಮಾಡಿದ್ದು?

ಮೈಸೂರಿಂದ:
ಅದನ್ನ ಹೇಳೋದು ಮರೆತಿದ್ದು ನಂದೇ ತಪ್ಪು, ಅಸಲಿಗೆ ಈ ಕೆಲಸದಲ್ಲಿ ಟಬ್ಬಿಂದ ತೆಗೆದ ಮೇಲಿನ ಅರ್ಧ ಗಂಟೆನೇ ಮುಖ್ಯ, ರಾತ್ರಿಯೆಲ್ಲ ನೆನೆಸೋದು ಏನೂ ಅಲ್ಲ. ತುಕ್ಕು ಬಿಟ್ಟ ಕಬ್ಬಿಣ ಬತ್ತಲೆ ಇದ್ದಂಗೆ, ಮೇಲೆ ಹುಳಿ ಅಂಶ ಬೇರೆ ಉಳಿದಿರತ್ತೆ, ಗಾಳಿ ತೇವ ತಾಗಿದ ತಕ್ಷಣ ಹಿಡ್ಕೊಳತ್ತೆ. ಹೀಗ್ಮಾಡಿ: ಪಾರ್ಟ್ ಎತ್ತೋಕೆ ಮುಂಚೆನೇ ಪಕ್ಕದಲ್ಲಿ ಒಂದು ಬಕೆಟ್ ಅಡುಗೆ ಸೋಡ ನೀರು, ಲೀಟರ್‌ಗೆ ಎರಡು ಚಮಚ, ಇನ್ನೊಂದು ಪಾತ್ರೇಲಿ ಕುದಿಯೋ ನೀರು ರೆಡಿ ಇರ್ಲಿ. ಎತ್ತಿ, ಬ್ರಷ್ ಹಾಕಿ ತೊಳೆದು, ಸೋಡ ನೀರಲ್ಲಿ ಐದು ನಿಮಿಷ ಅದ್ದಿ, ಕುದಿಯೋ ನೀರಲ್ಲಿ ಮುಳುಗಿಸಿ, ಪಾರ್ಟೇ ಕಾಯ್ಬೇಕು. ಕಾದ ಕಬ್ಬಿಣ ಹೊರಗೆ ತೆಗೆದ್ರೆ ತನ್ನ ಬಿಸಿಗೇ ನೀರು ಆರತ್ತೆ. ಸಂದಿ ಗೊಂದಿಗೆ ಹೇರ್ ಡ್ರೈಯರ್. ಬಿಸಿ ಇರೋವಾಗ್ಲೇ ಪೇಂಟ್ ಮಾಡದ ಪಾರ್ಟಿಗೆ ಎಣ್ಣೆ ಹಚ್ಚಿ, ಪೇಂಟ್ ಮಾಡೋದಕ್ಕೆ ಎಣ್ಣೆ ಬೇಡ, ತಣ್ಣಗಾದ ಕೂಡ್ಲೆ ಪ್ರೈಮರ್, ಅಂದ್ರೆ ಪೇಂಟಿಗೆ ಮುಂಚಿನ ಕೋಟ್, ಹೊಡೀರಿ. ನಿಮ್ಮೂರಲ್ಲಿ ನಾಳೆಗೆ ಅಂತ ಇಟ್ರೆ ಹೋಯ್ತು. ಕಿತ್ತಳೆ ಬಂದ ಆ ಹಿಂಜನ್ನ ಇನ್ನೊಂದು ಅರ್ಧ ಗಂಟೆ ಅದೇ ಟಬ್ಬಲ್ಲಿ ಹಾಕಿದ್ರೆ ಸಾಕು.

ಬೆಂಗಳೂರಿಂದ:
ರಿಮ್ಮಿನಂಥ ಪೇಂಟ್ ಹೊಡೆಯೋ ಐಟಂಗೆ ಕೊನೇಲಿ ನೀರು ಬೆರೆಸಿದ ಫಾಸ್ಫೋರಿಕ್ ಆಸಿಡ್ ಒಂದು ಕೈ ಬಳೀರಿ. ತೆಳ್ಳಗೆ ಬೂದು ಕಪ್ಪಿನ ಫಾಸ್ಫೇಟ್ ಪದರ ಕೂರತ್ತೆ, ಪ್ರೈಮರ್ ಚೆನ್ನಾಗಿ ಹಿಡಿಯತ್ತೆ. ರಸ್ಟ್ ಕನ್ವರ್ಟರ್ ಅಂತ ಮಾರೋ ಬಾಟ್ಲಿಗಳಲ್ಲಿ ಎಷ್ಟೋದರಲ್ಲಿ ಇದೇ ಇರೋದು. ಬೆರೆಸೋವಾಗ ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರಲ್ಲ.

ಶಿವಮೊಗ್ಗದಿಂದ:
ಪೆಟ್ರೋಲ್ ಟ್ಯಾಂಕ್ ಬಗ್ಗೆ ಯಾರೂ ಹೇಳ್ಲಿಲ್ಲ, ಒಂಬತ್ತು ವರ್ಷ ನಿಂತ ಗಾಡಿ ಅಂದ್ರೆ ಒಳಗೂ ತುಕ್ಕು ಇದ್ದೇ ಇರತ್ತೆ. ನಾನು ಅಂಬಾಸಿಡರ್‌ದು ಮಾಡಿದ್ದೆ. ಪೆಟ್ರೋಲ್ ಖಾಲಿ ಮಾಡಿ, ಗೇಜಿನ ಫ್ಲೋಟ್ ಬಿಚ್ಚಿ, ಸೋಪು ನೀರಲ್ಲಿ ನಾಲ್ಕೈದು ಸಲ ಕುಲುಕಿ ತೊಳೆದು, ಆಮೇಲೆ ಸಿಟ್ರಿಕ್ ನೀರು ಬಾಯಿವರೆಗೆ ತುಂಬ್ಸಿ. ಮುಕ್ಕಾಲು ತುಂಬಿಸಿದ್ರೆ ಮೇಲ್ಭಾಗದ ತುಕ್ಕು ಹಾಗೇ ಕೂತಿರತ್ತೆ, ನಂಗೆ ಆದದ್ದು ಅದೇ. ಮುಚ್ಚಳ ಬಿಗಿ ಮಾಡ್ಬೇಡಿ, ಒಳಗೆ ಗ್ಯಾಸ್ ಹುಟ್ಟತ್ತೆ. ಹತ್ತಿರ ಬೀಡಿ, ಬೆಂಕಿ, ವೆಲ್ಡಿಂಗ್ ಯಾವುದೂ ಬೇಡ, ಎಷ್ಟು ತೊಳೆದ್ರೂ ಪೆಟ್ರೋಲ್ ಆವಿ ಇರತ್ತೆ. ಒಳಗೆ ಕಂಪನಿ ಲೇಪ ಇದ್ರೆ ಅದೂ ತುಕ್ಕಿನ ಜೊತೆ ಹೋಗಬಹುದು, ಹಂಗಾಗಿ ಸೋಡ ನೀರಲ್ಲಿ ತೊಳೆದು ಒಣಗಿಸಿ ಬೇಗ ಪೆಟ್ರೋಲ್ ತುಂಬಿಸಿ ಇಟ್ಕೊಳಿ.

ಉಡುಪಿ ಕಡೆಯಿಂದ:
ಅಮ್ಮನ ಅಕ್ಕಿ ತೊಳೆಯುವ ಟಬ್ಬಲ್ಲಿ ಒಂದು ರಿಮ್ಮು ಆಯ್ತು, ಕುದಿಯುವ ನೀರಿನ ಉಪಾಯ ಕೆಲಸ ಮಾಡಿತು, ಮಧ್ಯಾಹ್ನಕ್ಕೇ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದೆ. ಅಮ್ಮನಿಗೆ ಹೊಸ ಟಬ್ಬು ತರಬೇಕು ಈಗ. ಟಬ್ಬಲ್ಲಿ ಉಳಿದ ನೀರು ಹಸಿರು ಮಿಶ್ರ ಹಳದಿ ಆಗಿದೆ, ಅದರಲ್ಲೇ ಇನ್ನೊಂದು ರಿಮ್ಮು ಹಾಕಬಹುದಾ?

ಮೈಸೂರಿಂದ:
ಹಾಕಿ. ನಿಧಾನ ಆಗ್ತಾ ಬಂದ್ರೆ ಇನ್ನೊಂದು ನೂರು ಗ್ರಾಂ ನಿಂಬೆ ಉಪ್ಪು ಸೇರಿಸಿ. ಕಪ್ಪಗೆ ಆದ್ಮೇಲೆ ಬಿಟ್ಬಿಡಿ, ಸೋಡ ಹಾಕಿ ಹುಳಿ ಮುರಿದು, ಬಾವಿ ಕಡೆಗೂ ತೋಟಕ್ಕೂ ಹೋಗದ ಜಾಗದಲ್ಲಿ ಚೆಲ್ಲಿ. ನಾನು ದಾಸವಾಳದ ಬುಡಕ್ಕೆ ಸುರಿದಿದ್ದೆ, ಗಿಡ ಹೋಯ್ತು.