ಕೆಲಸಕ್ಕೆ ಸೇರಿದರೆ ಜೀವನಾಂಶ ಸಿಗೋದಿಲ್ವಾ?

ಕಿಟಕಿಪಕ್ಕದವಳು:
ಮದುವೆಯಾಗಿ 11 ವರ್ಷ. ಮಗಳಿಗೆ ಎಂಟು. ಅವಳು ಹುಟ್ಟಿದಾಗ ಅಕೌಂಟ್ಸ್ ಕೆಲಸ ಬಿಟ್ಟೆ, ಮತ್ತೆ ಹೋಗಲಿಲ್ಲ. ಏಳು ತಿಂಗಳಿಂದ ಮಗಳ ಜೊತೆ ತವರಲ್ಲಿದ್ದೇನೆ. ಡಿವೋರ್ಸಿಗೆ ಹಾಕಿದ್ದು ಗಂಡನೇ. ಹೋದ ವಾರ ನನಗೊಂದು ಕೆಲಸ ಸಿಕ್ಕಿತು, ತಿಂಗಳಿಗೆ 16,000. ಅಣ್ಣ ಬೇಡ ಅನ್ನುತ್ತಾನೆ. ಸೇರಿದರೆ ಜೀವನಾಂಶ ಒಂದು ರೂಪಾಯಿಯೂ ಬರೋದಿಲ್ಲವಂತೆ. ಗಂಡನ ಕಡೆಯವರದು ಬೇರೆಯೇ ರಾಗ: "ಬಿಕಾಂ ಓದಿದ್ದಾಳೆ, ದುಡಿದು ತಿನ್ನಲಿ. ಬೇಕಾದರೆ ಎಲ್ಲಾ ಸೇರಿ ಆರು ಲಕ್ಷ ಕೊಟ್ಟು ಮುಗಿಸ್ತೀವಿ." ಗಂಡನ ಸಂಬಳ ಲಕ್ಷದ ಮೇಲಿದೆ. ಸರಿಯಾಗಿ ಎಷ್ಟು ಅಂತ ಗೊತ್ತಿಲ್ಲ, ಸ್ಲಿಪ್ ಯಾವತ್ತೂ ತೋರಿಸಿದವರಲ್ಲ. ಸೋಮವಾರ ಆಫೀಸಿಗೆ ಉತ್ತರ ಕೊಡಬೇಕು. ಏನು ಮಾಡಲಿ?

ಹಳೇ ಫೈಲು:
ವಕೀಲನಲ್ಲಮ್ಮ, ವಕೀಲರ ಆಫೀಸಿನಲ್ಲಿ 14 ವರ್ಷ ಗುಮಾಸ್ತನಾಗಿದ್ದವನು. ಕೆಲಸಕ್ಕೆ ಸೇರಿ. ಹೆಂಡತಿ ದುಡಿಯುತ್ತಾಳೆ ಅಂದಮಾತ್ರಕ್ಕೆ ಜೀವನಾಂಶ ತಪ್ಪೋದಿಲ್ಲ. 2020ರ ರಜನೇಶ್ ಮತ್ತು ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಆ ಸಂಬಳದಲ್ಲಿ ಗಂಡನ ಮನೆಯಲ್ಲಿದ್ದ ಮಟ್ಟಕ್ಕೆ ಬದುಕಬಹುದಾ ಅಂತ ನೋಡುತ್ತಾರೆ. ನಿಮ್ಮ 16,000ವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಅದರಿಂದ ಮೊತ್ತ ಸ್ವಲ್ಪ ಇಳಿಯಬಹುದು. "ಬಿಕಾಂ ಓದಿದ್ದಾಳೆ" ಅನ್ನುವ ಮಾತಿಗೂ ಉತ್ತರವಿದೆ. ದುಡಿಯಬಲ್ಲಳು ಅನ್ನುವುದು ಬೇರೆ, ದುಡಿಯುತ್ತಿದ್ದಾಳೆ ಅನ್ನುವುದು ಬೇರೆ ಅಂತ 2017ರಲ್ಲೇ ಅದೇ ಕೋರ್ಟ್ ಹೇಳಿದೆ.

ಸಂಬಳದ ಗುಟ್ಟು ಹೊರಬರುವ ದಾರಿಯೂ ಆ ರಜನೇಶ್ ತೀರ್ಪಿನಲ್ಲೇ ಇದೆ. ಇಬ್ಬರೂ ಆದಾಯ, ಆಸ್ತಿ, ಸಾಲ ಎಲ್ಲಾ ಬರೆದು ಅಫಿಡವಿಟ್ ಹಾಕಲೇಬೇಕು. ನಿಮ್ಮದು ಹಿಂದೂ ವಿವಾಹ ಕಾಯ್ದೆಯ ಕೇಸಾದರೆ ಅದೇ ಕೇಸಿನಲ್ಲಿ 24ನೇ ಸೆಕ್ಷನ್ ಅಡಿ ಮಧ್ಯಂತರ ಜೀವನಾಂಶಕ್ಕೆ (ಕೇಸು ಮುಗಿಯುವವರೆಗೆ ಸಿಗುವಂಥದ್ದು) ಅರ್ಜಿ ಕೊಡಿ, ಕೋರ್ಟ್ ಖರ್ಚನ್ನೂ ಕೇಳಿ. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ. ಏಳು ತಿಂಗಳು ಸುಮ್ನೆ ಹೋಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ. ವಕೀಲರ ಫೀಸಿಗೆ ಹೆದರಬೇಡಿ, ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.

ಕಂತು ಕಟ್ಟುವವ:
ನಾನು ಆ ಕಡೆಯವನು, ಕೊಡುವವನು. ನನ್ನ ಮಾಜಿ ಪತ್ನಿ ಟೀಚರ್, ಆದರೂ ಕೊಡುತ್ತಿದ್ದೇನೆ. ಹೊಸ ಕಾರಿನ ಇಎಂಐ ತೋರಿಸಿ ಕಡಿಮೆ ಮಾಡಿಸೋಣ ಅಂತ ಹೋಗಿದ್ದೆ. ಜಡ್ಜ್ ಆ ಹಾಳೆಯನ್ನು ಪಕ್ಕಕ್ಕಿಟ್ಟರು. ಸಂಬಳದ 25 ಪರ್ಸೆಂಟ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2017ರ ಒಂದು ಕೇಸಿನಲ್ಲಿ ಹಾಗೆ ಬಂತು, ಅದು ಕಾಯಂ ಸೂತ್ರ ಅಲ್ಲ.

ಆರು ಲಕ್ಷದ ಬಗ್ಗೆ: ತಿಂಗಳಿಗೆ 15,000 ಅಂತ ಹಿಡಿದರೂ 40 ತಿಂಗಳಿಗೆ ಮುಗಿಯುತ್ತದೆ. ಮಗಳಿಗೆ ಆಗ ಹನ್ನೊಂದು ದಾಟಿರುತ್ತದೆ, ಅಷ್ಟೆ. ಅವಳ ಖರ್ಚು ನಿಮ್ಮ ಜೀವನಾಂಶದೊಳಗೆ ಸೇರಿ ಕಳೆದುಹೋಗದ ಹಾಗೆ ನೋಡಿಕೊಳ್ಳಿ, ಬೇರೆಯಾಗಿ ಕೇಳಿ.

ಸುಮ್ನಿದ್ದವಳು:
ಅಕ್ಕ, ನಾನು ಹೇಳೋದು ಆರ್ಡರ್ ಆದ ಮೇಲಿನದು. ನನಗೆ ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಸೆಕ್ಷನ್‌ನಲ್ಲಿ (2024ರ ಜುಲೈಯಿಂದ ಅದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 144) ತಿಂಗಳಿಗೆ 9,000 ಆಗಿತ್ತು. ನಾಲ್ಕು ತಿಂಗಳು ಕೊಟ್ಟು ನಿಲ್ಲಿಸಿದರು. ಜಗಳ ಯಾಕೆ ಅಂತ 19 ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಬಾಕಿ ವಸೂಲಿಗೆ ವಾರಂಟ್ ಬೇಕಾದರೆ ದುಡ್ಡು ಬರಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕಂತೆ. ಹಳೆಯ ಏಳು ತಿಂಗಳದ್ದು, 63,000, ಆ ದಾರಿಯಲ್ಲಿ ಸಿಗಲೇ ಇಲ್ಲ. ಒಂದು ತಿಂಗಳು ತಪ್ಪಿದರೂ ಡೈರಿಯಲ್ಲಿ ಬರೆದಿಡಿ.

ಕಿಟಕಿಪಕ್ಕದವಳು:
ಎಲ್ಲರಿಗೂ ಥ್ಯಾಂಕ್ಸ್. ಸೋಮವಾರ ಸೇರುತ್ತೇನೆ. ಅಣ್ಣನಿಗೆ ಇನ್ನೂ ಹೇಳಿಲ್ಲ. ಈ ಕೆಲಸದ ವಿಷಯ ಗಂಡನ ಕಡೆಯವರಿಗೆ ಗೊತ್ತಾಗದ ಹಾಗೆ ಇಟ್ಟುಕೊಂಡರೆ ಆಗುತ್ತದಾ?

ಹಳೇ ಫೈಲು:
ಬೇಡಮ್ಮ! ಅವರ ಅಫಿಡವಿಟ್ ಕೇಳುವವರು ನಿಮ್ಮದರಲ್ಲಿ ಸುಳ್ಳು ಬರೆಯಬಾರದು. ಒಂದು ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕು, ಸಿಕ್ಕಿಬೀಳುತ್ತೀರಿ. ಆಮೇಲೆ ನಿಮ್ಮ ನಿಜವಾದ ಮಾತನ್ನೂ ಯಾರೂ ನಂಬೋದಿಲ್ಲ. ಅಪಾಯಿಂಟ್‌ಮೆಂಟ್ ಲೆಟರ್ ಬಂದ ದಿನವೇ ಒಂದು ಜೆರಾಕ್ಸ್ ತೆಗೆಸಿ ವಕೀಲರಿಗೆ ಕೊಟ್ಟುಬಿಡಿ.