ಮಡಿಕೇರಿ ಕಡೆ ವಿಜ್ಞಾನ ಕಟ್ಟಡ: ನಕ್ಷೆ ಅಂತಿಮವಾಗುವ ಮೊದಲು ಏನೇನು ನೋಡಬೇಕು?

ರಸಾಯನ_ವಿಭಾಗ:
ಚಿಕ್ಕ ವಿಶ್ವವಿದ್ಯಾಲಯಕ್ಕೆ ಮೂರು ಅಂತಸ್ತಿನ ವಿಜ್ಞಾನ ಕಟ್ಟಡ ಬರಲಿದೆ. ಜಾಗ ಇಳಿಜಾರು. ಭೌತ, ರಸಾಯನ, ಸಸ್ಯ, ಪ್ರಾಣಿ ವಿಭಾಗಗಳಿಗೆ ತಲಾ ಒಂದು ಲ್ಯಾಬ್. ಈಗಿನ ನಕ್ಷೆಯಲ್ಲಿ ಅಂತಸ್ತಿನ ಎತ್ತರ 3.3 ಮೀಟರ್, ಮೇಲೆ ಚಪ್ಪಟೆ ತಾರಸಿ, ಕೆಮಿಸ್ಟ್ರಿ ಲ್ಯಾಬ್ ನೆಲಮಹಡಿಯಲ್ಲಿ. ಮುಂದಿನ ವಾರ ಆರ್ಕಿಟೆಕ್ಟ್ ಜತೆ ಸಭೆ. ಯಾವುದನ್ನು ಈಗಲೇ ಬದಲಿಸಬೇಕು?

ಗಾಳಿ_ಡಕ್ಟ್:
ಮೊದಲು ಕೆಮಿಸ್ಟ್ರಿಯನ್ನು ಮೇಲಿನ ಅಂತಸ್ತಿಗೆ ಒಯ್ಯಿರಿ. ಫ್ಯೂಮ್ ಹುಡ್‌ನ (ಲ್ಯಾಬಿನ ಹೊಗೆಯನ್ನು ಎಳೆದು ಹೊರಹಾಕುವ, ಮುಂದೆ ಗಾಜಿರುವ ಪೆಟ್ಟಿಗೆ) ಡಕ್ಟ್, ಅಂದರೆ ಗಾಳಿ ಕೊಳವೆ, ನೇರ ಚಾವಣಿಗೆ ಹೋಗುತ್ತದೆ, ಕೆಳಗಿನ ಎರಡು ಮಹಡಿಯನ್ನು ಕೊರೆಯಬೇಕಿಲ್ಲ.

ಲೆಕ್ಕ ಹೀಗಿದೆ. ಹುಡ್‌ನ ಬಾಯಿ 1.5 ಮೀಟರ್ ಅಗಲ, ಗಾಜು 45 ಸೆಂ.ಮೀ. ಎತ್ತಿದಾಗ ಗಾಳಿಯ ವೇಗ ಸೆಕೆಂಡಿಗೆ 0.5 ಮೀಟರ್ ಬೇಕೆಂದರೆ, ಒಂದು ಹುಡ್ ಗಂಟೆಗೆ ಸುಮಾರು 1,200 ಘನ ಮೀಟರ್ ಗಾಳಿ ಎಳೆಯುತ್ತದೆ. ಎರಡಕ್ಕೆ 2,400. ಅಷ್ಟು ಗಾಳಿ ಒಳಗೆ ಬರುವುದೆಲ್ಲಿಂದ? ಬೇಸಿಗೆಯಲ್ಲಾದರೆ ಕಿಟಕಿಯಿಂದ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಕಿಟಕಿಯೆಲ್ಲ ಮುಚ್ಚಿರುತ್ತದೆ. ಆಗ ಫ್ಯಾನ್ ತಿರುಗುತ್ತಲೇ ಇರುತ್ತದೆ, ಹುಡ್ ಮಾತ್ರ ಎಳೆಯುವುದಿಲ್ಲ, ಆಮ್ಲದ ಹೊಗೆ ಮಕ್ಕಳ ಮುಖಕ್ಕೇ ಬರುತ್ತದೆ. ಹೊರಹೋಗುವ ಗಾಳಿಯ ಶೇ. 90ರಷ್ಟು ಹೊಸ ಗಾಳಿಯನ್ನು ಹೊರಗಿನಿಂದ ಫಿಲ್ಟರ್ ಮೂಲಕ ಒಳತಳ್ಳುವ ಫ್ಯಾನ್ ಇರಲೇಬೇಕು. ಟೆಂಡರ್‌ನಲ್ಲಿ ಯಾವಾಗಲೂ ಬಿಟ್ಟುಹೋಗುವುದು ಇದೇ.

ಚಿಮಣಿಯ ತುದಿ ಚಾವಣಿಗಿಂತ 3 ಮೀಟರ್ ಮೇಲಿರಲಿ. ಅದಕ್ಕೆ ಟೋಪಿ ಹಾಕಿಸಬೇಡಿ, ಹೊಗೆಯನ್ನು ಕೆಳಕ್ಕೆ ತಿರುಗಿಸುತ್ತದೆ. ಒಳಬಿದ್ದ ಮಳೆನೀರಿಗೆ ಫ್ಯಾನ್ ಪೆಟ್ಟಿಗೆಯ ತಳದಲ್ಲಿ ಡ್ರೈನ್ ಕೊಟ್ಟರೆ ಸಾಕು.

ಬರೆ_ಮಣ್ಣು:
ಇಳಿಜಾರಿನ ಮಾತು. ಕಟ್ಟಡದ ಅರ್ಧ ಅಗೆದ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ನಿಂತರೆ ತುಂಬಿದ ಬದಿ ಕುಸಿದು ಗೋಡೆ ಓರೆಯಾಗಿ ಬಿರಿಯುತ್ತದೆ. ಪೂರ್ತಿ ಗಟ್ಟಿ ನೆಲಕ್ಕೇ ಸರಿಸಿ, ತುಂಬಿದ ಜಾಗ ವಾಹನ ನಿಲ್ಲಿಸಲು ಇರಲಿ. ಬರೆಯ (ಕಡಿದಾದ ಮಣ್ಣಿನ ದಿಬ್ಬ) ನೆತ್ತಿಯಲ್ಲಿ ಮೊದಲು ಚರಂಡಿ ತೋಡಿಸಿ, ಆಮೇಲೆ ಅಗೆತ. ತಡೆಗೋಡೆಯಲ್ಲಿ 1.5 ಮೀಟರಿಗೊಂದು 75 ಮಿ.ಮೀ. ಪೈಪಿನ ಕಂಡಿ, ಹಿಂದೆ ಜಲ್ಲಿಯ ಪದರ. ಕಂಡಿ ಕಟ್ಟಿಕೊಂಡರೆ ಗೋಡೆಯನ್ನು ದೂಡುವುದು ಮಣ್ಣಿಗಿಂತ ಹೆಚ್ಚಾಗಿ ನೀರು. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆಯಲ್ಲಿ ಈ ಖರ್ಚಿಗೆ ಕತ್ತರಿ ಹಾಕಬಾರದು.

ಚಪ್ಪಟೆ ತಾರಸಿಯ ಮೇಲೆ ಇಳಿಜಾರು ಶೀಟ್ ಅಥವಾ ಹಂಚು ಈಗಲೇ ಸೇರಿಸಿ, ಚಿಮಣಿ ತೂರುವ ಜಾಗ ಗುರುತಿಸಿ. ಆಮೇಲೆ ಶೀಟ್ ಕೊರೆದರೆ ಸೋರುವುದು ಅಲ್ಲೇ.

ಸೂಕ್ಷ್ಮದರ್ಶಕ:
ತೂಕದ ತಕ್ಕಡಿಗಳು ನೆಲಮಹಡಿಯಲ್ಲಿರಲಿ, ಇಟ್ಟಿಗೆ ಕಟ್ಟೆಯ ಮೇಲೆ ಗ್ರಾನೈಟ್ ಹಾಸಿ. ಮೈಕ್ರೋಸ್ಕೋಪ್ ಕೋಣೆ ಚಿಕ್ಕದಾಗಿ, ಬೇರೆಯಾಗಿ ಇರಬೇಕು, ತೇವಾಂಶ ಶೇ. 50ರ ಆಸುಪಾಸು. ಇಲ್ಲದಿದ್ದರೆ ಲೆನ್ಸ್ ಒಳಗೆ ಜೇಡರ ಬಲೆಯಂಥ ಬೂಷ್ಟು ಎಳೆಯೆಳೆಯಾಗಿ ಹಬ್ಬುತ್ತದೆ, ಒರೆಸಿದರೆ ಹೋಗದು. ಡಿಹ್ಯುಮಿಡಿಫೈಯರ್‌ನ (ಗಾಳಿಯ ತೇವ ಹೀರುವ ಯಂತ್ರ) ನೀರು ಪೈಪಿನಲ್ಲಿ ಹೊರಗೆ ಹರಿಯಲಿ. ಡಬ್ಬಿಗೆ ಬಿಟ್ಟರೆ ಶನಿವಾರ ರಾತ್ರಿಯೇ ತುಂಬಿ ಯಂತ್ರ ನಿಲ್ಲುತ್ತದೆ.

ಆಮ್ಲದ ಸಿಂಕಿಗೆ ಪಾಲಿಪ್ರೊಪಿಲೀನ್ ಪೈಪು, ಹೊರಗೆ ಆಮ್ಲವನ್ನು ತಟಸ್ಥಗೊಳಿಸಲು ಸುಣ್ಣಕಲ್ಲು ತುಂಬಿದ ತೊಟ್ಟಿ. ಸಲ್ಫ್ಯೂರಿಕ್ ಆಮ್ಲ ಬಿದ್ದಾಗ ಕಲ್ಲಿನ ಮೇಲೆ ಜಿಪ್ಸಂ ಪೊರೆ ಕಟ್ಟಿ ಕೆಲಸ ನಿಲ್ಲುತ್ತದೆ, ಆದ್ದರಿಂದ ಕಲ್ಲು ಬದಲಿಸಲು ತೊಟ್ಟಿಯ ಮುಚ್ಚಳ ಒಬ್ಬರೇ ಎತ್ತುವಂತಿರಲಿ.

ರಸಾಯನ_ವಿಭಾಗ:
ಧನ್ಯವಾದ ಸರ್. ಅಂತಸ್ತಿನ ಎತ್ತರವನ್ನು 3.3ರಿಂದ 4.2 ಮೀಟರಿಗೆ ಏರಿಸುವ ಯೋಚನೆಯೂ ಇದೆ, ಆದರೆ ಹಾಗೆ ಮಾಡಿದರೆ ಬಜೆಟ್ ಮೀರುತ್ತದೆ ಎನ್ನುತ್ತಿದ್ದಾರೆ.

ಗಾಳಿ_ಡಕ್ಟ್:
4.2ರಲ್ಲಿ ತೊಲೆಗೆ 60 ಸೆಂ.ಮೀ., ಡಕ್ಟಿಗೆ 45, ದೀಪ ಮತ್ತು ಪೈಪಿಗೆ 15 ಹೋದರೆ ತಲೆಯ ಮೇಲೆ 3 ಮೀಟರ್ ಉಳಿಯುತ್ತದೆ. 3.3ರಲ್ಲಿ 2.1 ಮಾತ್ರ. ಮೂರೂ ಅಂತಸ್ತಿಗೆ ಆಗದಿದ್ದರೆ ಕೆಮಿಸ್ಟ್ರಿ ಇರುವ ಮೇಲಿನದೊಂದನ್ನಾದರೂ 4.2 ಮಾಡಿಸಿ.